‘ವಯಸ್ಸಾಯಿತು’ ಎಂದು ಬಿಟ್ಟ ಕೆಲಸಗಳು

‘ಸಾಹೇಬ್ರ, ಹತ್ತು ವರ್ಷದ ಹಿಂದ 75 ಕಿಲೋ ನೆಲ್ಲಿನ ಚೀಲ ಹೆಗಲ ಮ್ಯಾಲ ಹೊತ್ಕೊಂಡು ಲಾರಿ ಹತ್ತತಿದ್ದೆ. ಈಗ ಮಸ್ಕಿ ಮಲ್ಲಯ್ಯನ ಗುಡ್ಡಾನೂ ಹತ್ತಾಕ ಆಗವಲ್ದು. ವಯಸ್ಸಾತು, ಎಲ್ಲಾ ಬಿಟ್ಟೀನ್ರಿ.’

ಸಿಂಧನೂರಿನಲ್ಲಿ ಹಮಾಲಿ ಮಾಡುತ್ತಿದ್ದ 56 ವರ್ಷದ ವ್ಯಕ್ತಿಯೊಬ್ಬರು ಹೀಗೆಂದರು. ಅವರು ಬಂದಿದ್ದು ಕೆಮ್ಮಿನ ಔಷಧಿಗೆ. ಗುಡ್ಡದ ವಿಷಯ ಮಾತಿನ ನಡುವೆ ಬಂತು, ಅಷ್ಟೇ.

ಚೀಲ ಬಿಟ್ಟದ್ದು ಸರಿ. ಗುಡ್ಡ ಏಕೆ ಬಿಟ್ಟಿರಿ ಎಂದು ಕೆದಕಿ ಕೇಳಿದೆ. ಇಪ್ಪತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಎದೆಯ ನಡುವೆ ಯಾರೋ ಅದುಮಿ ಹಿಡಿದಂತಾಗುತ್ತದೆ, ಎಡ ದವಡೆ ಸೆಳೆಯುತ್ತದೆ, ಎರಡು ನಿಮಿಷ ಕುಳಿತರೆ ಹೋಗುತ್ತದೆ ಎಂದರು. ಇದು ವಯಸ್ಸಿನ ಲಕ್ಷಣವಲ್ಲ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾದಾಗ ಹೀಗಾಗುತ್ತದೆ. ಆಂಜೈನಾ ಎಂದು ಅದರ ಹೆಸರು. ಮಲಗಿಸಿ ತೆಗೆದ ಇಸಿಜಿ ಸರಿಯಾಗಿಯೇ ಇತ್ತು. ವಿಶ್ರಾಂತಿಯಲ್ಲಿರುವ ಹೃದಯಕ್ಕೆ ಕಿರಿದಾದ ನಾಳದಿಂದ ಬರುವ ರಕ್ತವೂ ಸಾಕಾಗುವುದರಿಂದ ಇಸಿಜಿ ಎಷ್ಟೋ ಸಲ ಹೀಗೆ ಸುಳ್ಳು ಧೈರ್ಯ ಕೊಡುತ್ತದೆ. ಮುಂದಿನ ಪರೀಕ್ಷೆಗೆ ಕಳಿಸಿದೆ. ಒಂದು ನಾಳ ಬಹುತೇಕ ಮುಚ್ಚಿತ್ತು. ಸ್ಟೆಂಟ್ ಹಾಕಿದರು.

ವಯಸ್ಸಾದಂತೆ ಕೆಲವನ್ನು ಬಿಡುವುದು ಸಹಜ. ಪಂಚಮಿಯ ಜೋಕಾಲಿಯಲ್ಲಿ ನಿಂತು ಜೀಕುವುದು, ಕಾರ ಹುಣ್ಣಿಮೆಗೆ ಗುಂಡು ಎತ್ತುವುದು, ಮುದಗಲ್ಲಿನ ಮೊಹರಂನಲ್ಲಿ ರಾತ್ರಿಯಿಡೀ ಕುಣಿಯುವುದು ಇವೆಲ್ಲ ಒಂದು ಪ್ರಾಯದ ಆಟಗಳು. ನೆನಪಿಸಿಕೊಂಡು ನಕ್ಕರೆ ಆಯಿತು. ನಾನೂ ಕಾಲುವೆಯಲ್ಲಿ ಈಜುವುದನ್ನು ಬಿಟ್ಟು ಇಪ್ಪತ್ತೈದು ವರ್ಷವಾಯಿತು. ಅದಕ್ಕೆ ಕಾರಣ ವಯಸ್ಸಲ್ಲ, ಸೋಮಾರಿತನ ಮತ್ತು ಸ್ಕೂಟರ್!

ದೇಹದೊಳಗೆ ನಡೆಯುವುದೇನು? ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸ್ನಾಯುಗಳು ಸುಮಾರು ಶೇ. 3ರಿಂದ 8ರಷ್ಟು ಕರಗುತ್ತವೆ, ಅರವತ್ತರ ನಂತರ ಇನ್ನೂ ಬೇಗ. ಶ್ರಮದ ವೇಳೆ ಹೃದಯ ಎಷ್ಟು ವೇಗವಾಗಿ ಬಡಿಯಬಲ್ಲದೋ ಆ ಮಿತಿಯೂ ಇಳಿಯುತ್ತದೆ. 220ರಿಂದ ವಯಸ್ಸನ್ನು ಕಳೆದರೆ ಆ ಮಿತಿಯ ಅಂದಾಜು ಸಿಗುತ್ತದೆ. ಆದ್ದರಿಂದ ಇಪ್ಪತ್ತಾರರ ಓಟ ಐವತ್ತಾರಕ್ಕೆ ಬಾರದು. ಆದರೆ ಈ ಇಳಿತ ವರ್ಷಗಟ್ಟಲೆ ನಿಧಾನವಾಗಿ ಆಗುವಂಥದ್ದು. ಹೋದ ಪಂಚಮಿಗೆ ಮಾಡುತ್ತಿದ್ದುದನ್ನು ಈ ಪಂಚಮಿಗೆ ಮಾಡಲಾಗದಿದ್ದರೆ ವಯಸ್ಸನ್ನು ದೂರಬೇಡಿ, ವೈದ್ಯರಿಗೆ ತೋರಿಸಿ.

ಹತ್ತಿ ಬಿಡಿಸಲು ಹೋಗುವುದನ್ನು ನಿಲ್ಲಿಸಿದ್ದ 45 ವರ್ಷದ ತಾಯಿಯೊಬ್ಬರು, ‘ಮುಟ್ಟು ನಿಲ್ಲೋ ಕಾಲ, ಹಿಂಗ ಇರತೈತಿ’ ಎಂದು ಸುಸ್ತನ್ನು ನುಂಗಿಕೊಂಡಿದ್ದರು. ಅತಿಯಾದ ರಕ್ತಸ್ರಾವದಿಂದ ಅವರ ಹಿಮೋಗ್ಲೋಬಿನ್ 6 ಗ್ರಾಂಗೆ ಇಳಿದಿತ್ತು. ಕನಿಷ್ಠ 12 ಇರಬೇಕು. ಲಿಂಗಸುಗೂರಿನ ನಿವೃತ್ತ ಶಿಕ್ಷಕರೊಬ್ಬರು ಬೆಳಗಿನ ವಾಕಿಂಗ್ ಬಿಟ್ಟಿದ್ದರು. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುವುದು, ನಿಂತರೆ ಬಿಡುವುದು. ಮೂವತ್ತು ವರ್ಷದ ಸಿಗರೇಟು ಕಾಲಿನ ರಕ್ತನಾಳಗಳನ್ನು ಕಿರಿದಾಗಿಸಿತ್ತು. ಸಕ್ಕರೆ ಕಾಯಿಲೆಯವರಲ್ಲಿ ಕಾಲಿನಿಂದ ಚಪ್ಪಲಿ ಜಾರಿದ್ದೂ ತಿಳಿಯದಿದ್ದರೆ ಅದು ನರದ ತೊಂದರೆ. ರಾತ್ರಿ ಚಪ್ಪಟೆ ಮಲಗಿದರೆ ಉಸಿರು ಕಟ್ಟುವುದು, ಪಾದ ಬಾಯುವುದು ಇದ್ದರೆ ತಡ ಮಾಡಲೇಬಾರದು. ಎದೆಯ ಬಿಗಿತ ಕುಳಿತ ಮೇಲೂ ಕೆಲವು ನಿಮಿಷಗಳಲ್ಲಿ ಇಳಿಯದಿದ್ದರೆ ಅಥವಾ ಬೆವರೊಡೆದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಿ.

ಇಂಥ ರೋಗ ಇಲ್ಲವೆಂದು ಖಚಿತವಾದ ಮೇಲೆ, ಬಿಟ್ಟ ಶಕ್ತಿಯಲ್ಲಿ ಎಷ್ಟೋ ಪಾಲನ್ನು ಮರಳಿ ಪಡೆಯಬಹುದು. ಅಮೆರಿಕದ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ, ನಿತ್ರಾಣರಾಗಿದ್ದ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರ ತೊಡೆಯ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತ್ತು. ನಮ್ಮ ಮನೆಗಳಲ್ಲಿ ಯಂತ್ರ ಬೇಡ. ಗಟ್ಟಿ ಕುರ್ಚಿಯ ಮೇಲೆ ಕುಳಿತು, ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದೂಡುವುದು, ಗೋಡೆಯ ಪಕ್ಕದಲ್ಲೇ ಒಂಟಿ ಕಾಲಿನಲ್ಲಿ ಹತ್ತು ಸೆಕೆಂಡು ನಿಲ್ಲುವುದು. ವಾರಕ್ಕೆ ಎರಡು ಮೂರು ದಿನ ಇಷ್ಟು ಮಾಡಿ, ಉಳಿದ ದಿನ ನಡೆದರೆ ಆರಂಭಕ್ಕೆ ಸಾಕು. ಮೊಣಕಾಲು ನೋವಿದ್ದವರು ಎತ್ತರದ ಕುರ್ಚಿ ಬಳಸಿ. ರೊಟ್ಟಿಯ ಜೊತೆ ಬರೀ ಖಾರ ಹಚ್ಚಿಕೊಂಡು ಎದ್ದರೆ ಸ್ನಾಯು ಬೆಳೆಯದು. ಬೇಳೆ, ಮಡಿಕೆ ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಇರಲಿ.

ನಮ್ಮ ಹಮಾಲರು ಕಳೆದ ಶ್ರಾವಣದಲ್ಲಿ ಗುಡ್ಡ ಹತ್ತಿದರಂತೆ, ಮೂರು ಕಡೆ ಕುಳಿತು. ಎದೆ ಹಿಡಿಯಲಿಲ್ಲವಂತೆ. ‘ಬೀಡಿ?’ ಎಂದು ಕೇಳಿದೆ. ನಕ್ಕು ಸುಮ್ಮನಾದರು.