ಬಸ್ಕಿಯ ಬೆಲೆ

ಉಪಾಧ್ಯಾಯನಾಗಿದ್ದಾಗ, ಪಾಠ ಒಪ್ಪಿಸದ ಹುಡುಗರಿಗೆ ನಾನು ಬಸ್ಕಿ ಹೊಡೆಯುವ ಶಿಕ್ಷೆ ವಿಧಿಸುತ್ತಿದ್ದೆನು. ನಿವೃತ್ತನಾದ ಮೇಲೆ ಒಮ್ಮೆ ಮದುವೆಯ ಪಂಕ್ತಿಯಲ್ಲಿ ಊಟ ಮುಗಿಸಿ ಏಳಲೆತ್ನಿಸಿದೆ, ಕಾಲುಗಳು ಮೇಲೇಳಲಿಲ್ಲ. ಬಡಿಸುತ್ತಿದ್ದ ಹುಡುಗನೊಬ್ಬನು ತೋಳು ಹಿಡಿದು ಎಬ್ಬಿಸಿದನು. ನಾನು ಶಿಕ್ಷೆಯೆಂದು ಹಂಚಿದ್ದು ನನಗೇ ಬೇಕಾಗಿದ್ದ ಔಷಧವೆಂಬುದು ಅಂದು ಹೊಳೆಯಿತು.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಮೈಸೂರಿನ ಗರಡಿಮನೆಗಳಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವುದು ನಿತ್ಯದ ಸಾಮು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರು ‘ಶಾಂತಲಾ’ ಕಾದಂಬರಿಯನ್ನು ಬರೆದವರೂ ಹೌದು. ಆದರೆ ಬಲವೆಂಬುದು ಜಟ್ಟಿಗಳ ಸ್ವತ್ತೆಂದು ನಾವು ಭಾವಿಸಿದೆವು. ಹೆಂಗಸರನ್ನಂತೂ ಗರಡಿಯ ಹೊರಗೇ ನಿಲ್ಲಿಸಿದೆವು. ಮುಪ್ಪಿನಲ್ಲಿ ಮೂಳೆ ಸವೆದು ಮುರಿಯುವ ಕಷ್ಟ ಹೆಚ್ಚಾಗಿ ಬರುವುದು ಅವರಿಗೇ.

ಮೂವತ್ತು ದಾಟಿದ ಮೇಲೆ, ದುಡಿಸದ ಸ್ನಾಯುಗಳು ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8 ಪಾಲಿನಷ್ಟು ಕರಗುತ್ತವೆ. ಅರುವತ್ತರ ಬಳಿಕ ಆ ವೇಗ ಇನ್ನೂ ಹೆಚ್ಚು. ಭಾರಕ್ಕೆ ಎದುರಾಗಿ ದುಡಿದ ಸ್ನಾಯುವಿನ ಎಳೆಗಳಾದರೋ ದಪ್ಪವಾಗುತ್ತವೆ. ಆ ಸ್ನಾಯು ಸೆಳೆಯುವ ಮೂಳೆಯೂ ಗಟ್ಟಿಯಾಗುತ್ತದೆ. ಊಟದ ತರುವಾಯ ರಕ್ತಕ್ಕೆ ಸೇರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ ಆದ್ದರಿಂದ, ಮಧುಮೇಹವನ್ನು ಹತೋಟಿಯಲ್ಲಿಡಲು ಇದು ನೆರವಾಗುತ್ತದೆ. ಬೆಳಗಿನ ನಡಿಗೆ ಹೃದಯಕ್ಕೆ ಹಿತವೇ ಸರಿ. ಆದರೆ ನಡಿಗೆಯೊಂದರಿಂದಲೇ ನೆಲದಿಂದೇಳುವ ಬಲ ಉಳಿಯದೆಂಬುದಕ್ಕೆ ನಾನೇ ಸಾಕ್ಷಿ.

“ಈ ವಯಸ್ಸಿನಲ್ಲಿ ಇನ್ನೇನು ಸಾಮು?” ಎಂದು ಕೇಳುವವರುಂಟು. ಅಮೆರಿಕದ ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ, ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರವೆತ್ತುವ ಅಭ್ಯಾಸ ಮಾಡಿಸಿದರು. ಒಬ್ಬರು ನಡುವೆ ಬಿಟ್ಟರು. ಉಳಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತೆಂಬ ವರದಿ 1990ರಲ್ಲಿ ಪ್ರಕಟವಾಯಿತು. ಮುದಿ ಸ್ನಾಯುವೂ ಕರೆದರೆ ಓಗೊಡುತ್ತದೆ! ವಯಸ್ಕರು ವಾರಕ್ಕೆ ಕನಿಷ್ಠ 2 ದಿನ, ನಿಮ್ಮಂತಹ ಮಕ್ಕಳು 3 ದಿನ ಇಂತಹ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಅದಕ್ಕೆ ಗದೆಯೇ ಬೇಕೆಂದಿಲ್ಲ. ತುಂಬಿದ ಕೊಡವೂ ಭಾರವೇ.

ನಾನು ಕುರ್ಚಿಯಿಂದ ಕೈಯೂರದೆ ಏಳುವುದರಿಂದ ಆರಂಭಿಸಿದೆನು. ಮೊದಲ ದಿನ ಐದು ಬಾರಿಗೇ ತೊಡೆ ನಡುಗಿತು. ಈಗ ಹನ್ನೆರಡು ಬಸ್ಕಿ ಸಾಧ್ಯವಾಗಿದೆ. ಎಣಿಸುವವಳು ಮೊಮ್ಮಗಳು, ಅರ್ಧಕ್ಕೆ ಎದ್ದದ್ದನ್ನು ಅವಳು ಲೆಕ್ಕಕ್ಕೆ ಹಿಡಿಯುವುದಿಲ್ಲ.