ಮನೆಯೊಳಗಣ ವಿಷವೂ ಮೂಕಪ್ರಾಣಿಗಳೂ

ನಮ್ಮ ಗ್ರಾಮಗಳಲ್ಲಿ ಬೆಕ್ಕು ಕಣಜವನ್ನೂ ನಾಯಿ ಅಂಗಳವನ್ನೂ ಕಾಯುತ್ತವೆ. ಇವುಗಳಿಗೆ ವಿಷವಿಕ್ಕುವವರು ಅನೇಕ ವೇಳೆ ವೈರಿಗಳಲ್ಲ, ಸಾಕಿದ ನಾವೇ ಅರಿಯದೆ ಇಕ್ಕುತ್ತೇವೆ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಔಷಧ. ಕೆಲವು ವರುಷಗಳ ಕೆಳಗೆ ನಮ್ಮ ಮನೆಯ ಬೆಕ್ಕು ಮೈ ಬಿಸಿಯಾಗಿ ಮೂಲೆ ಹಿಡಿಯಿತು. ನಾವು ಕನಿಕರಪಟ್ಟು, ನಮ್ಮ ಜ್ವರಕ್ಕೆ ತಂದಿದ್ದ ಪ್ಯಾರಾಸಿಟಮಾಲ್ ಗುಳಿಗೆಯಲ್ಲಿ ಅರ್ಧವನ್ನು ಅರೆದು ಹಾಲಿನಲ್ಲಿ ಕುಡಿಸಿದೆವು. ಆ ರಾತ್ರಿಯೇ ಅದರ ಮುಖವೂ ಪಾದಗಳೂ ಬಾತವು. ಒಸಡು ಕಂದುಬಣ್ಣಕ್ಕೆ ತಿರುಗಿತು. ಏದುಸಿರಿಡುತ್ತಾ ಮರುದಿನ ಸತ್ತಿತು. ಜ್ವರವಲ್ಲ, ನಮ್ಮ ಗುಳಿಗೆಯೇ ಅದನ್ನು ಕೊಂದಿತೆಂದು ಆಮೇಲೆ ಪಶುವೈದ್ಯರಿಂದ ತಿಳಿದೆವು. ಈ ಔಷಧವನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಅದರ ರಕ್ತವು ಪ್ರಾಣವಾಯುವನ್ನು ಹೊರಲಾರದೆ ಹೋಗುತ್ತದೆ. 500 ಮಿಲಿಗ್ರಾಮಿನ ಒಂದೇ ಗುಳಿಗೆ ಒಂದು ಬೆಕ್ಕನ್ನು ಕೊಲ್ಲಬಲ್ಲದು. ನಮಗೆ ಪ್ರೀತಿ ಇತ್ತು, ತಿಳುವಳಿಕೆ ಇರಲಿಲ್ಲ.

2. ಇಲಿಪಾಷಾಣ. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಯು ಹೊಟ್ಟೆಯ ಹುಳಿರಸಕ್ಕೆ ತಗಲಿ ವಿಷವಾಯುವನ್ನು ಹುಟ್ಟಿಸುತ್ತದೆ. ಅದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಬ್ರೋಮಡಿಯೋಲೋನ್ ಬೆರೆಸಿದ ಬಿಲ್ಲೆಯಾದರೋ ರಕ್ತವನ್ನು ಹೆಪ್ಪುಗಟ್ಟಗೊಡದು. ತಿಂದ ದಿನ ನಾಯಿಯು ಎಂದಿನಂತೆಯೇ ಇರುವದು. ಎರಡರಿಂದ ಐದು ದಿನಗಳ ಮೇಲೆ ರಕ್ತಸ್ರಾವ ತೋರುವದು. ತಡಮಾಡದಿದ್ದರೆ ವೈದ್ಯರು ವಿಟಮಿನ್ ಕೆ1 ಕೊಟ್ಟು ಉಳಿಸಬಲ್ಲರು. ವಿಷ ತಿಂದ ಇಲಿಯನ್ನು ಹಿಡಿದು ತಿಂದ ಬೆಕ್ಕಿಗೂ ಅಪಾಯವುಂಟು.

3. ಫಿನಾಯಿಲ್. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ತನ್ನ ಪಾದಗಳನ್ನು ನೆಕ್ಕಿ ಆ ವಿಷವನ್ನು ನುಂಗುತ್ತದೆ.

ಆದಕಾರಣ ಮನೆಯವರು ಮಾಡತಕ್ಕದ್ದೇನು? ಇಲಿಗೆ ಸಾಧ್ಯವಾದಷ್ಟು ಬೋನನ್ನೇ ಇಡಬೇಕು. ವಿಷವಿಡಲೇಬೇಕಾದರೆ ನಾಯಿಬೆಕ್ಕುಗಳಿಗೆ ಎಟುಕದ ಕಡೆ ಇಟ್ಟು, ಸತ್ತ ಇಲಿಗಳನ್ನು ಆಳವಾಗಿ ಹೂಳಬೇಕು. ಒರಸಿದ ನೆಲ ಒಣಗುವ ತನಕ ಬೆಕ್ಕನ್ನು ಹೊರಗಿಡಬೇಕು. ಮನುಷ್ಯರ ಔಷಧವನ್ನು ವೈದ್ಯರು ಹೇಳದೆ ಪ್ರಾಣಿಗಳಿಗೆ ಕೊಡಲೇಬಾರದು.

ವಿಷ ತಿಂದಿತೆಂದು ಸಂಶಯ ಬಂದರೆ ಉಪ್ಪುನೀರು ಹೊಯ್ದು ವಾಂತಿಮಾಡಿಸಬೇಡಿರಿ. ಹೆಚ್ಚಾದ ಉಪ್ಪು ತಾನೇ ವಿಷವಾಗುತ್ತದೆ. ಸೀಮೆಎಣ್ಣೆ ಕುಡಿದ ಪ್ರಾಣಿಯನ್ನು ವಾಂತಿಮಾಡಿಸಿದರೆ ಎಣ್ಣೆಯು ಶ್ವಾಸಕೋಶಕ್ಕೆ ಇಳಿಯುವದು. ಲಕ್ಷಣಗಳಿಗಾಗಿ ಕಾಯದೆ, ವಿಷದ ಪೊಟ್ಟಣವನ್ನೂ ಕೈಯಲ್ಲಿ ಹಿಡಿದುಕೊಂಡು ಪಶುವೈದ್ಯರ ಬಳಿಗೆ ಓಡಿರಿ.

ಮೂಕಪ್ರಾಣಿಯು ತಾನು ತಿಂದದ್ದನ್ನು ಹೇಳಲಾರದು. ಈ ರಾತ್ರಿ ಮಲಗುವ ಮೊದಲು ನಮ್ಮ ನಮ್ಮ ಮನೆಗಳಲ್ಲಿ ಗುಳಿಗೆಯೂ ಪಾಷಾಣವೂ ಎಲ್ಲಿವೆ ಎಂದು ದೀಪ ಹಿಡಿದು ನೋಡೋಣ.