‘ಬೇಡ’ ಎನ್ನುವ ಬಟನ್ ಎಲ್ಲಿದೆ, ತಂಗಿ?

ಪ್ರೀತಿಯ ತಂಗಿ,

ಬೆಟಗೇರಿಯ ಸೀರೆ ಅಂಗಡಿ, ಲಕ್ಷ್ಮೇಶ್ವರದ ಪತ್ತಿನ ಸಹಕಾರಿ ಸಂಘ, ಶಿರಹಟ್ಟಿಯ ಶಾಲೆ, ಮುಂಡರಗಿಯ ಬೀಜ-ಗೊಬ್ಬರದ ಅಂಗಡಿ, ನಾಲ್ಕೂ ವೆಬ್‌ಸೈಟ್ ಈಗ ನಿನ್ನ ಕೈಯಲ್ಲಿವೆ ಎಂದು ಓದಿ ಬಹಳ ಹೆಮ್ಮೆಯಾಯಿತು. ಗದಗಿನಲ್ಲೇ ಕೂತು ಇಂಥ ಕೆಲಸದಿಂದ ಮನೆ ನಡೆಸಬಹುದು ಎಂದರೆ ನಮ್ಮ ಕಾಲದಲ್ಲಿ ಯಾರೂ ನಂಬುತ್ತಿರಲಿಲ್ಲ. ‘ಕುಕೀಗೆ ಒಪ್ಪಿಗೆ ಕೇಳೋ ಟೂಲ್ ಯಾವುದು ತೊಗೊಳ್ಳಲಿ, ಕಾಕಾ?’ ಎಂದು ಕೇಳಿದ್ದೀಯ. ನಿನ್ನ ಓರಗೆಯ ಇನ್ನೂ ಹಲವರಿಗೆ ಇದೇ ಪ್ರಶ್ನೆ ಇದೆ. ಹಾಗಾಗಿ ಉತ್ತರವನ್ನು ಎಲ್ಲರೂ ಓದುವಂತೆಯೇ ಬರೆಯುತ್ತಿದ್ದೇನೆ.

ಟೂಲ್‌ಗೆ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡು. ಸೀರೆ ಅಂಗಡಿಯ ಸೈಟನ್ನು ಇನ್‌ಕಾಗ್ನಿಟೊ ವಿಂಡೋದಲ್ಲಿ ತೆರೆ. ಪುಟದಲ್ಲಿ ಏನನ್ನೂ ಮುಟ್ಟಬೇಡ. ಎಫ್12 ಒತ್ತಿ ‘ಅಪ್ಲಿಕೇಶನ್’ ಎಂಬಲ್ಲಿಗೆ ಹೋಗಿ ಕುಕೀಗಳ ಪಟ್ಟಿ ನೋಡು. ಸೆಷನ್ ಕುಕೀ ಒಂದೇ ಇದ್ದರೆ ಚಿಂತೆಯಿಲ್ಲ. ಗಿರಾಕಿ ಯಾವ ಸೀರೆ ಆರಿಸಿಟ್ಟಿದ್ದಾಳೆ ಎಂದು ಸೈಟಿಗೆ ನೆನಪಿರಲು ಅದು ಬೇಕು. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಕುಕೀಯನ್ನು ರೂಪಿಸಿದ್ದೇ ಇಂಥ ನೆನಪಿನ ಕೆಲಸಕ್ಕೆ. ಆದರೆ ಅದರ ಜೊತೆಗೆ ‘_ಜಿಎ’ ಎಂಬ ಹೆಸರು ಕಂಡರೆ ಅದು ಗೂಗಲ್ ಅನಲಿಟಿಕ್ಸ್‌ನದು, ಸಾಮಾನ್ಯವಾಗಿ 2 ವರ್ಷ ಉಳಿಯುತ್ತದೆ. ‘_ಎಫ್‌ಬಿಪಿ’ ಕಂಡರೆ ಫೇಸ್‌ಬುಕ್ ಪಿಕ್ಸೆಲ್‌ನದು, 90 ದಿನದ್ದು. ನೀನಿನ್ನೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ, ಅಷ್ಟರಲ್ಲೇ ಅವು ಬಂದು ಕೂತಿವೆ.

ಅವನ್ನು ಹಾಕಿಸಿದವರು ಯಾರು ಎಂದು ಅಂಗಡಿಯವರನ್ನು ಕೇಳು. ಬಹುಪಾಲು ಅವರಿಗೆ ಗೊತ್ತಿರುವುದಿಲ್ಲ. ಮೊದಲು ಸೈಟ್ ಮಾಡಿದವರು ಥೀಮ್ ಜೊತೆ ಬಂದದ್ದನ್ನು ಹಾಗೇ ಬಿಟ್ಟಿರುತ್ತಾರೆ, ಆ ಅಂಕಿಅಂಶವನ್ನು ಯಾರೂ ತೆರೆದು ನೋಡಿರುವುದಿಲ್ಲ. ನೋಡದೇ ಇರುವುದನ್ನು ಕಿತ್ತುಹಾಕು. ಯೂಟ್ಯೂಬ್ ವಿಡಿಯೊ ಒತ್ತಿದ ಮೇಲಷ್ಟೇ ಲೋಡ್ ಆಗುವಂತೆ ಮಾಡು. ಗೂಗಲ್ ಮ್ಯಾಪ್ ಅಂಟಿಸುವ ಬದಲು ಅಂಗಡಿಯ ವಿಳಾಸ ಬರೆದು ಲಿಂಕ್ ಕೊಡು. ಫಾಂಟ್ ನಿನ್ನ ಸರ್ವರ್‌ನಲ್ಲೇ ಇರಲಿ. ಗೂಗಲ್‌ನಿಂದ ಫಾಂಟ್ ತರಿಸಿಕೊಳ್ಳುವಾಗ ಓದುಗನ ಐಪಿ ವಿಳಾಸ ಅತ್ತ ಹೋಯಿತು ಎಂಬ ಕಾರಣಕ್ಕೇ 2022ರ ಜನವರಿಯಲ್ಲಿ ಮ್ಯೂನಿಕ್‌ನ ನ್ಯಾಯಾಲಯವೊಂದು ಆ ಓದುಗನಿಗೆ 100 ಯೂರೊ ಪರಿಹಾರ ಕೊಡಿಸಿತ್ತು. ಇಷ್ಟನ್ನು ಮುಗಿಸಿದ ಮೇಲೆ ಬೀಜ-ಗೊಬ್ಬರದ ಸೈಟಿನಲ್ಲಿ ಒಪ್ಪಿಗೆ ಕೇಳುವುದಕ್ಕೆ ಏನೂ ಉಳಿಯಲಿಕ್ಕಿಲ್ಲ. ಹಾಗಾದರೆ ಅಲ್ಲಿಗೆ ಟೂಲ್ ಬೇಡ. ಹಾಕಿದರೆ ಸುಮ್ಮನೆ ಜನರ ದಾರಿಗೆ ಅಡ್ಡ.

ಪತ್ತಿನ ಸಂಘದ ಸೈಟು ಬೇರೆ ಮಾತು. ನನ್ನ ಮನಸ್ಸು ಹೆಚ್ಚು ನಿಂತಿರುವುದು ಅಲ್ಲಿಯೇ. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಎಂದು ಹೆಸರಾದದ್ದು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದ್ದು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಅದನ್ನು ಕಟ್ಟಿದರು. ರೈತ ಸಾಲಕ್ಕಾಗಿ ಸಾಹುಕಾರನ ಕಟ್ಟೆಗೆ ಹೋಗಿ ಕೈಮುಗಿದು ನಿಲ್ಲಬಾರದು, ತನ್ನವರೇ ಕೂಡಿ ನಡೆಸುವ ಸಂಘಕ್ಕೆ ತಲೆಯೆತ್ತಿ ಹೋಗಬೇಕು ಎಂಬುದು ಸಹಕಾರದ ಜೀವಾಳ. ಅದೇ ಪರಂಪರೆಯ ಸಂಘವೊಂದರ ‘ಸಾಲದ ಅರ್ಜಿ’ ಪುಟದಲ್ಲಿ ಫೇಸ್‌ಬುಕ್ ಪಿಕ್ಸೆಲ್ ಕೂತರೆ ಏನಾಗುತ್ತದೆ ಯೋಚಿಸು. ಮಗಳ ಮದುವೆಗೋ ಬೋರ್‌ವೆಲ್‌ಗೋ ಸಾಲ ಸಿಕ್ಕೀತೇ ಎಂದು ರಾತ್ರಿ ಮೊಬೈಲಿನಲ್ಲಿ ಆ ಪುಟ ತೆರೆದವನ ಸುದ್ದಿ ಸಂಘದ ಕಾರ್ಯದರ್ಶಿಗೆ ಮುಟ್ಟುವ ಮೊದಲೇ ಜಾಹೀರಾತಿನ ಕಂಪನಿಗೆ ಮುಟ್ಟಿರುತ್ತದೆ. ಇಂಥವನಿಗೆ ಹಣದ ಅಡಚಣೆ ಇದೆ ಎಂಬ ಸುಳಿವು ಸಿಕ್ಕ ಮೇಲೆ ಅವನ ಫೋನಿನಲ್ಲಿ ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಜಾಹೀರಾತು ಬಂದರೆ ಅಚ್ಚರಿಯೇನು? ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವುದನ್ನು ನೀನು ನೋಡಿದ್ದೀಯ. ಕೊಳ್ಳುವವನಿಗೂ ಮಾರುವವನಿಗೂ ಬಿಟ್ಟರೆ ಆ ದರ ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಹಣಕಾಸಿನ ಮಾತಿಗೆ ಮರೆ ಬೇಕೆಂದು ನಮ್ಮ ಜನರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಂಘದ ಆಡಳಿತ ಮಂಡಳಿಯ ಮುಂದೆ ಇದನ್ನೇ ಇಟ್ಟು, ಆ ಪುಟದಿಂದ ಪಿಕ್ಸೆಲ್ ತೆಗೆಸು. ಒಪ್ಪಿಗೆ ಕೇಳಿ ಉಳಿಸಿಕೊಳ್ಳುವ ಮಾತೇ ಅಲ್ಲಿ ಬೇಡ.

ಕಾನೂನಿನ ಮಾತಿಗೆ ಬರುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರಿಂದ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದ ಕನ್ನಡಿಗರು ಅವರು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ವೆಬ್‌ಸೈಟ್ ನಡೆಸುವವರಿಗೆ ಮುಖ್ಯ ಕರ್ತವ್ಯಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ತಿಂಗಳು. ಕಾಯ್ದೆಯಲ್ಲಿ ಕುಕೀ ಎಂಬ ಹೆಸರೇ ಬರುವುದಿಲ್ಲ. ಆದರೆ ಒಬ್ಬ ವ್ಯಕ್ತಿಯ ಗುರುತು ಹಿಡಿಯಬಹುದಾದ ಮಾಹಿತಿ ಕುಕೀಯ ಮೂಲಕ ಹೋದರೆ ಅದಕ್ಕೂ ಕಾಯ್ದೆ ಅನ್ವಯ. ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು, ಯಾವುದಕ್ಕೆ ಎಂದು ತಿಳಿದು ಕೊಟ್ಟದ್ದಾಗಿರಬೇಕು, ಕೊಟ್ಟಷ್ಟೇ ಸಲೀಸಾಗಿ ಹಿಂದಕ್ಕೆ ತೆಗೆದುಕೊಳ್ಳುವಂತಿರಬೇಕು. ಒಪ್ಪಿಗೆ ಪಡೆದದ್ದು ನಿಜ ಎಂದು ತೋರಿಸುವ ಹೊಣೆ ಪಡೆದವರ ಮೇಲೆಯೇ ಇದೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಅಂಶ ಇನ್ನೊಂದು. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕು ಎನ್ನುತ್ತದೆ ಕಾಯ್ದೆ. ಆ ಪಟ್ಟಿಯಲ್ಲಿ ಕನ್ನಡವಿದೆ. ಹಾಗಾಗಿ ಟೂಲ್ ಆರಿಸುವಾಗ ನಾನಾಗಿದ್ದರೆ ಮೊದಲು ನೋಡುತ್ತಿದ್ದದ್ದು ಇದನ್ನೇ: ಕನ್ನಡದ ಪಠ್ಯವನ್ನು ನೀನೇ ಬರೆಯಲು ಬರುತ್ತದೆಯೋ ಇಲ್ಲವೋ. ಯಂತ್ರ ಅನುವಾದಿಸಿದ ‘ನಿಮ್ಮ ಅನುಭವವನ್ನು ವರ್ಧಿಸಲು ನಾವು ಕುಕೀಗಳನ್ನು ಬಳಸುತ್ತೇವೆ’ ಎಂಬ ವಾಕ್ಯದಿಂದ ನಮ್ಮ ತಾಯಂದಿರಿಗೆ ಏನೂ ತಿಳಿಯುವುದಿಲ್ಲ. ಸೀರೆ ಅಂಗಡಿಗೆ ಹೀಗೆ ಬರೆ: ‘ನೀವು ಯಾವ ಸೀರೆ ನೋಡಿದಿರಿ ಎಂಬುದನ್ನು ಗೂಗಲ್‌ಗೆ ತಿಳಿಸಲು ನಿಮ್ಮ ಒಪ್ಪಿಗೆ ಇದೆಯೇ? ಬೇಡ ಎಂದರೂ ಎಲ್ಲ ಸೀರೆಗಳನ್ನು ನೋಡಬಹುದು, ಕೊಳ್ಳಬಹುದು.’ ಕೆಳಗೆ ‘ಇದೆ’, ‘ಬೇಡ’ ಎಂದು ಎರಡು ಬಟನ್, ಒಂದೇ ಅಳತೆ, ಒಂದೇ ಬಣ್ಣ.

ಬರೆದ ಮೇಲೆ ಅಗ್ಗದ ಮೊಬೈಲಿನಲ್ಲಿ ತೆರೆದು ನೋಡು. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಬಟನ್‌ನಲ್ಲಿ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಕನ್ನಡದ ವಾಕ್ಯ ಉದ್ದವಾಗಿ, ‘ಬೇಡ’ ಪರದೆಯ ಕೆಳಗೆ ಜಾರಿ ಕಾಣದೇ ಹೋಗುತ್ತದೆ, ‘ಇದೆ’ ಮಾತ್ರ ಕಣ್ಣೆದುರು ನಿಲ್ಲುತ್ತದೆ. ಯಾರೂ ಮೋಸ ಮಾಡಲು ಹೊರಟಿರುವುದಿಲ್ಲ, ಆದರೂ ಫಲ ಮೋಸದ್ದೇ. ಸಾಲಿನ ಎತ್ತರವನ್ನೂ ಬಟನ್‌ನ ಎತ್ತರವನ್ನೂ ಬದಲಿಸಲು ಬಿಡದ ಟೂಲ್ ಎಷ್ಟೇ ಹೆಸರು ಮಾಡಿರಲಿ, ನಮಗೆ ಆಗಿಬರುವುದಿಲ್ಲ.

ಗದಗಿನವಳು ನೀನು, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟ ಊರು ಇದು. ಕಣ್ಣು ಕಾಣದವರೂ ಇಂದು ಫೋನ್ ಬಳಸುತ್ತಾರೆ, ಪರದೆಯಲ್ಲಿರುವುದನ್ನು ಟಾಕ್‌ಬ್ಯಾಕ್ ಅವರಿಗೆ ಓದಿ ಹೇಳುತ್ತದೆ. ನಿನ್ನ ಫೋನಿನಲ್ಲಿ ಅದನ್ನು ಆನ್ ಮಾಡಿ, ಕಣ್ಣು ಮುಚ್ಚಿ, ‘ಬೇಡ’ ಬಟನ್‌ವರೆಗೆ ಬೆರಳು ಸಾಗಿಸಲು ಆಗುತ್ತದೆಯೇ ನೋಡು. ಕೆಲವು ಟೂಲ್‌ಗಳಲ್ಲಿ ಬಟನ್‌ಗೆ ಹೆಸರೇ ಇರುವುದಿಲ್ಲ, ‘ಬಟನ್, ಬಟನ್’ ಎಂದಷ್ಟೇ ಕೇಳುತ್ತದೆ. ಪುಟದ ಭಾಷೆ ಕನ್ನಡ ಎಂದು ಕೋಡ್‌ನಲ್ಲಿ ನಮೂದಿಸುವುದನ್ನೂ ಮರೆಯಬೇಡ, ಇಲ್ಲವಾದರೆ ಇಂಗ್ಲಿಷ್ ದನಿ ಕನ್ನಡವನ್ನು ಎಡವುತ್ತ ಓದೀತು.

ಇನ್ನು ಟೂಲ್‌ನ ಒಳಗೆ. ಅದನ್ನು ಹಾಕಿದ ಮೇಲೆ ಇನ್‌ಕಾಗ್ನಿಟೊದಲ್ಲಿ ಮೊದಲಿನ ಪರೀಕ್ಷೆಯನ್ನೇ ಮತ್ತೆ ಮಾಡು: ಒಮ್ಮೆ ಏನೂ ಒತ್ತದೆ, ಒಮ್ಮೆ ‘ಬೇಡ’ ಒತ್ತಿ. ಎರಡರಲ್ಲಿ ಯಾವ ಸಲವಾದರೂ ಗೂಗಲ್, ಫೇಸ್‌ಬುಕ್‌ನ ಕುಕೀ ಕಂಡರೆ ಆ ಬ್ಯಾನರ್ ಬರೀ ಅಲಂಕಾರ. ಉಚಿತ ಯೋಜನೆಗೆ ತಿಂಗಳಿಗೆ ಇಷ್ಟೇ ವೀಕ್ಷಣೆ, ಇಷ್ಟೇ ಪುಟ ಎಂಬ ಮಿತಿ ಇರುತ್ತದೆ. ದೀಪಾವಳಿಯಲ್ಲಿ ಸೀರೆ ನೋಡುವವರು ಹೆಚ್ಚಾಗಿ ಮಿತಿ ದಾಟಿದರೆ ಏನಾಗುತ್ತದೆ ಎಂದು ಮೊದಲೇ ಕೇಳಿ ಬರೆಸಿಕೋ. ಟೂಲ್ ಯಾರ ಸರ್ವರ್‌ನಿಂದ ಬರುತ್ತದೆ ಎಂಬುದೂ ಮುಖ್ಯ. 2021ರ ಡಿಸೆಂಬರ್‌ನಲ್ಲಿ ಜರ್ಮನಿಯ ವೀಸ್‌ಬಾಡನ್‌ನ ಆಡಳಿತ ನ್ಯಾಯಾಲಯ ಅಲ್ಲಿನ ಒಂದು ಉನ್ನತ ಶಿಕ್ಷಣ ಸಂಸ್ಥೆಗೆ ಕುಕೀಬಾಟ್ ಎಂಬ ಟೂಲ್ ಬಳಸದಂತೆ ಹೇಳಿತ್ತು. ಒಪ್ಪಿಗೆ ಕೇಳುವ ಆ ಟೂಲ್‌ನ ಮೂಲಕವೇ ಓದುಗರ ಐಪಿ ವಿಳಾಸ ಅಮೆರಿಕದ ಕಂಪನಿಯೊಂದರ ಸರ್ವರ್‌ಗೆ ಹೋಗುತ್ತದೆ ಎಂಬುದು ಕಾರಣ. ಮುಂದಿನ ತಿಂಗಳೇ ಮೇಲಿನ ನ್ಯಾಯಾಲಯ ಪ್ರಕ್ರಿಯೆಯ ನೆಲೆಯಲ್ಲಿ ಆ ಆದೇಶವನ್ನು ರದ್ದುಮಾಡಿತಾದರೂ ಎತ್ತಿದ ಪ್ರಶ್ನೆ ಸುಳ್ಳಲ್ಲ. ಬರ್ಲಿನ್‌ನವರ ‘ಕ್ಲಾರೊ’ದಂಥ ಓಪನ್ ಸೋರ್ಸ್ ಟೂಲ್ ಅನ್ನು ನಿನ್ನ ಸರ್ವರ್‌ನಲ್ಲೇ ಇಡಬಹುದು, ಪಠ್ಯವನ್ನೂ ನೀನೇ ಬರೆಯಬಹುದು. ಆದರೆ ಅದು ಒಪ್ಪಿಗೆಯನ್ನು ಓದುಗರ ಬ್ರೌಸರ್‌ನಲ್ಲಿ ಮಾತ್ರ ಬರೆದಿಡುತ್ತದೆ, ಸಾಕ್ಷಿಗೆ ಬೇಕಾದ ದಾಖಲೆಯನ್ನು ನಿನ್ನ ಕಡೆ ಇಡುವ ವ್ಯವಸ್ಥೆ ನೀನೇ ಮಾಡಬೇಕು. ನಿನಗೆ ಆ ಕೈಚಳಕ ಇದೆ. ಸೀರೆ ಅಂಗಡಿಗೆ ನನ್ನ ಸಲಹೆ ಅದೇ.

ಆ ಅಂಗಡಿ ಯುರೋಪಿನಲ್ಲಿರುವ ಕನ್ನಡಿಗರಿಗೂ ಪಾರ್ಸೆಲ್ ಕಳಿಸುತ್ತದೆ ಎಂದಿದ್ದೀಯ. ಹಾಗಿದ್ದರೆ 2018ರಿಂದ ಜಾರಿಯಲ್ಲಿರುವ ಅಲ್ಲಿನ ದತ್ತಾಂಶ ಕಾನೂನೂ ತಲೆಯ ಮೇಲಿದೆ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆ ಆಗದು ಎಂದು ಯುರೋಪಿನ ನ್ಯಾಯಾಲಯ 2019ರಲ್ಲೇ ಹೇಳಿದೆ. ಒಪ್ಪಲು ಒಂದು ಒತ್ತು, ನಿರಾಕರಿಸಲು ಹಲವು ಒತ್ತು ಎಂಬ ಕಾರಣಕ್ಕೆ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಪ್ರಕಟಿಸಿತು.

ಶಾಲೆಯ ವಿಷಯ ಎರಡೇ ಮಾತು. 18 ತುಂಬದವರು ನಮ್ಮ ಕಾಯ್ದೆಯಲ್ಲಿ ಮಕ್ಕಳು. ಅವರನ್ನು ಹಿಂಬಾಲಿಸಿ ಜಾಹೀರಾತು ತೋರಿಸುವಂತಿಲ್ಲ. ಪಾಠಕ್ಕೂ ಮಕ್ಕಳ ಸುರಕ್ಷತೆಗೂ ಶಾಲೆಗಳಿಗೆ ಒಂದಿಷ್ಟು ವಿನಾಯಿತಿ ಇದೆ, ಪ್ರವೇಶದ ಜಾಹೀರಾತಿಗಾಗಿ ಪಿಕ್ಸೆಲ್ ಹಾಕುವುದು ಅದರೊಳಗೆ ಬರುವುದಿಲ್ಲ.

ಮಾರಾಟದವರು ಫೋನ್ ಮಾಡಿ, ‘ಕಾಯ್ದೆಯ ಪ್ರಕಾರ ಕನ್ಸೆಂಟ್ ಮ್ಯಾನೇಜರ್ ಕಡ್ಡಾಯ, ನಮ್ಮದನ್ನೇ ಹಾಕಿ’ ಎಂದಾರು. ಹೆದರಬೇಡ. ಕಾಯ್ದೆ ಹೇಳುವ ಕನ್ಸೆಂಟ್ ಮ್ಯಾನೇಜರ್ ಎಂದರೆ ಜನರ ಪರವಾಗಿ ಅವರ ಒಪ್ಪಿಗೆಗಳನ್ನು ನೋಡಿಕೊಳ್ಳುವ, ದತ್ತಾಂಶ ಸಂರಕ್ಷಣಾ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಸಂಸ್ಥೆ. ಅದು ಕನಿಷ್ಠ 2 ಕೋಟಿ ರೂಪಾಯಿ ನಿವ್ವಳ ಮೌಲ್ಯವಿರುವ ಭಾರತೀಯ ಕಂಪನಿಯಾಗಿರಬೇಕು. ವೆಬ್‌ಸೈಟಿನ ಮೂಲೆಯಲ್ಲಿ ಮೇಲೇಳುವ ಬ್ಯಾನರ್ ಅದಲ್ಲ.

ಗಿರಾಕಿಗಳಿಗೆ ಕೊಡುವ ದರಪಟ್ಟಿಯಲ್ಲಿ ಆರು ತಿಂಗಳಿಗೊಮ್ಮೆ ಕುಕೀ ತಪಾಸಣೆ ಎಂದು ಒಂದು ಸಾಲು ಸೇರಿಸು, ಅದಕ್ಕೆ ದುಡ್ಡನ್ನೂ ಕೇಳು. ಹೊಸ ಪ್ಲಗಿನ್ ಹಾಕಿದಾಗಲೆಲ್ಲ ಹೊಸ ಕುಕೀ ಬರುತ್ತದೆ, ನೋಡುವವರು ನಿನ್ನ ಹೊರತು ಅಲ್ಲಿ ಯಾರೂ ಇಲ್ಲ. ಸಂಘದ ಪುಟದ ಪಟ್ಟಿಯನ್ನೂ ಸೀರೆ ಅಂಗಡಿಗೆ ಬರೆದ ಕನ್ನಡ ವಾಕ್ಯಗಳನ್ನೂ ಕಳಿಸು, ಓದಿ ತಿದ್ದಿ ಕೊಡುತ್ತೇನೆ.

ನಿನ್ನ
ಕಾಕಾ